ಹೊಳೆ ನಮ್ಮೂರಲ್ಲಿ, ಲೆಕ್ಕ ಹೊಸಪೇಟೆಯಲ್ಲಿ: ತುಂಗೆಯ ನೀರಿಗೆ ಯಾರ ಅಪ್ಪಣೆ ಬೇಕು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ತುಂಗೆಯ ದಂಡೆಯ ಊರು. ಮಳೆಗಾಲದಲ್ಲಿ ಹೊಳೆ ತೋಟದ ಬೇಲಿಯವರೆಗೂ ಏರುತ್ತದೆ. ಏಪ್ರಿಲ್ ಬಂತೆಂದರೆ ಅಡಿಕೆಗೂ ಮನೆಗೂ ನೀರಿಗೆ ತತ್ವಾರ. 1,500 ಜನರಿಗೆ ಕುಡಿಯುವ ನೀರಿನ ಯೋಜನೆ, 200 ಎಕರೆ ತೋಟಕ್ಕೆ ಒಂದು ಏತ ನೀರಾವರಿ ಬೇಕು ಅಂತ ಕೇಳಿದರೆ, 'ತುಂಗೆ ಅಂತರರಾಜ್ಯ ನದಿ, ನ್ಯಾಯಮಂಡಳಿ ಇದೆ, ದೆಹಲಿ ಒಪ್ಪಬೇಕು' ಎಂಬ ಉತ್ತರ ಬರುತ್ತದೆ. ಇದು ನಿಜವೇ? ರಾಜ್ಯಗಳು ಕೂತು ಮಾತಾಡಿ ನೀರು ಹಂಚಿಕೊಳ್ಳುವ ವ್ಯವಸ್ಥೆ ಇಲ್ಲವೇ? ನಾವು ಯಾರನ್ನು ಕೇಳಬೇಕು?

ಉತ್ತರ: ನಿಮಗೆ ಸಿಕ್ಕ ಉತ್ತರ ಅರ್ಧ ನಿಜ. ತುಂಗೆ ಅಂತರರಾಜ್ಯ ನದಿಯ ಭಾಗ ಹೌದು. ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ ತುಂಗಭದ್ರೆಯಾಗಿ, ಹೊಸಪೇಟೆಯ ಅಣೆಕಟ್ಟು ದಾಟಿ, ಆಂಧ್ರ ಮತ್ತು ತೆಲಂಗಾಣದ ಗಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆದರೆ ನೀವು ಕೇಳಿದ ಎರಡು ಕೆಲಸಗಳಿಗೆ ನ್ಯಾಯಮಂಡಳಿಯ ಬಾಗಿಲು ತಟ್ಟಬೇಕಾಗಿಲ್ಲ. ಯಾಕೆಂದು ತಿಳಿಯಲು ಮೊದಲು ಲೆಕ್ಕ ಹಾಕೋಣ. ನೀರಿನ ವಿಷಯದಲ್ಲಿ ಲೆಕ್ಕ ಹಾಕದೆ ಆಡಿದ ಮಾತು ಜಗಳಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಬರುವುದಿಲ್ಲ.

ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ, ಲೀಟರಿನಲ್ಲಿ ಸುಮಾರು 2,832 ಕೋಟಿ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ಹರಿವು; ಒಂದು ದಿನ ಪೂರ್ತಿ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ ಆಗುತ್ತದೆ. ಜಲ ಜೀವನ್ ಮಿಷನ್ನಿನ ಅಳತೆಯಂತೆ ತಲೆಗೆ ದಿನಕ್ಕೆ 55 ಲೀಟರ್ ಹಿಡಿದರೆ ನಿಮ್ಮ 1,500 ಜನರಿಗೆ ದಿನಕ್ಕೆ 82,500 ಲೀಟರ್, ವರ್ಷಕ್ಕೆ ಸುಮಾರು 3 ಕೋಟಿ ಲೀಟರ್ ಬೇಕು. ಅದು ಒಂದು ಟಿಎಂಸಿಯ ಸಾವಿರದ ಒಂದು ಪಾಲು. ಅದರಲ್ಲೂ ಕೃಷ್ಣಾ ಕಣಿವೆಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿ ಮನೆಬಳಕೆಗೆ ಎತ್ತಿದ ನೀರಿನಲ್ಲಿ ಶೇಕಡ 20ನ್ನು ಮಾತ್ರ ಬಳಕೆ ಎಂದು ಎಣಿಸಬೇಕು ಎಂದಿದೆ. ಉಳಿದದ್ದು ಹೇಗೂ ಮರಳಿ ಹೊಳೆಗೆ ಬರುತ್ತದೆ ಎಂಬ ಲೆಕ್ಕ. ಕೈಗಾರಿಕೆಗೆ ಶೇಕಡ 2.5, ನೀರಾವರಿಗೆ ಮಾತ್ರ ಪೂರ್ತಿ 100.

ತೋಟಕ್ಕೆ ಬನ್ನಿ. 9 ಅಡಿಗೊಂದರಂತೆ ನೆಟ್ಟ ಎಕರೆಯಲ್ಲಿ ಸುಮಾರು 540 ಮರ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಹಿಡಿದರೆ 200 ಎಕರೆಗೆ ದಿನಕ್ಕೆ 21.6 ಲಕ್ಷ ಲೀಟರ್. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ 150 ದಿನಕ್ಕೆ 32.4 ಕೋಟಿ ಲೀಟರ್, ಅಂದರೆ ಟಿಎಂಸಿಯ ನೂರರ ಒಂದು ಪಾಲಿಗಿಂತ ತುಸು ಹೆಚ್ಚು. ಹಾಯಿನೀರು ಬಿಡುವುದಾದರೆ ಇದು ಎರಡು ಮೂರು ಪಟ್ಟು ಏರಬಹುದು. ಆಗಲೂ ಅಂತರರಾಜ್ಯ ಲೆಕ್ಕದಲ್ಲಿ ಅದು ಅಂಕಿಯೇ ಅಲ್ಲ.

ಬಚಾವತ್ ತೀರ್ಪು 1973ರಲ್ಲಿ ಬಂತು, 1976ರಲ್ಲಿ ಗೆಜೆಟ್‌ನಲ್ಲಿ ಪ್ರಕಟವಾಯಿತು. ನಾಲ್ಕು ವರ್ಷಕ್ಕೆ ಮೂರು ವರ್ಷವಾದರೂ ಖಚಿತವಾಗಿ ಸಿಗುವ ನೀರು 2,060 ಟಿಎಂಸಿ ಎಂದು ಹಿಡಿದು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಅವಿಭಜಿತ ಆಂಧ್ರಕ್ಕೆ 800 ಕೊಟ್ಟಿತು. ಕರ್ನಾಟಕದ ಪಾಲು ಮರುಹರಿವು (ಬಳಸಿದ ನೀರಿನಲ್ಲಿ ಮರಳಿ ಹೊಳೆಗೆ ಬರುವ ಭಾಗ) ಸೇರಿ 734. ಇಷ್ಟನ್ನು ರಾಜ್ಯ ಎಲ್ಲಿ ಬೇಕಾದರೂ ಬಳಸಿಕೊಳ್ಳುವಂತಿಲ್ಲ. ತುಂಗಭದ್ರಾ ಉಪಕಣಿವೆಯಲ್ಲಿ ಮೂಲ ಮಿತಿ 295 ಟಿಎಂಸಿ ಮತ್ತು ಮರುಹರಿವಿನ ಪಾಲು, ವೇದಾವತಿಯಲ್ಲಿ 42. ನಿಮ್ಮ ಏತ ನೀರಾವರಿ ಈ ಮಿತಿಯೊಳಗೆ, ರಾಜ್ಯ ಸರ್ಕಾರದ ಸಣ್ಣ ನೀರಾವರಿ ಲೆಕ್ಕದಲ್ಲಿ ಕೂರಬೇಕು. ಆದ್ದರಿಂದ ಅದಕ್ಕೆ ಅಪ್ಪಣೆ ಕೊಡುವುದೂ ನಿರಾಕರಿಸುವುದೂ ಬೆಂಗಳೂರಿನ ಕೈಯಲ್ಲಿದೆ. ಅಂತರ್ಜಲವನ್ನಂತೂ ಬಚಾವತ್ ಹಂಚಿಕೆಯ ಹೊರಗೇ ಇಟ್ಟಿತು. ಕೊಳವೆಬಾವಿಯ ನೀರು ಕೃಷ್ಣೆಯ ಲೆಕ್ಕಕ್ಕೆ ಬರುವುದಿಲ್ಲ. ಮಲೆನಾಡಿನಲ್ಲೂ ಬೋರ್‌ವೆಲ್ ಹೆಚ್ಚಿ ಬೇಸಿಗೆಯಲ್ಲಿ ಹಳ್ಳಗಳು ಬೇಗ ಬತ್ತುತ್ತಿರುವಾಗ ಈ ವಿನಾಯಿತಿ ಜಲವಿಜ್ಞಾನಕ್ಕೆ ಒಪ್ಪುವಂಥದ್ದಲ್ಲ, ಆದರೆ ಕಾನೂನು ಇರುವುದು ಹಾಗೆ.

ಹಾಗಾದರೆ ಕೇಂದ್ರದ ಪಾತ್ರ ಏನು? ಸಂವಿಧಾನದ ಏಳನೇ ಅನುಸೂಚಿಯಲ್ಲಿ ನೀರು ರಾಜ್ಯ ಪಟ್ಟಿಯ 17ನೇ ನಮೂದು. ಅದೇ ಸಾಲಿನಲ್ಲಿ 'ಕೇಂದ್ರ ಪಟ್ಟಿಯ 56ನೇ ನಮೂದಿಗೆ ಒಳಪಟ್ಟು' ಎಂಬ ಷರತ್ತಿದೆ. 56ನೇ ನಮೂದು ಅಂತರರಾಜ್ಯ ನದಿಗಳ ನಿಯಂತ್ರಣದ ಕುರಿತಾದದ್ದು, ಸಂಸತ್ತು ಕಾನೂನು ಮಾಡಿ ಎಷ್ಟರ ಮಟ್ಟಿಗೆ ವಹಿಸಿಕೊಳ್ಳುತ್ತದೋ ಅಷ್ಟರ ಮಟ್ಟಿಗೆ. ಸಂಸತ್ತು 1956ರಲ್ಲಿ ಎರಡು ಕಾನೂನು ಮಾಡಿತು. ಒಂದು ನದಿ ಮಂಡಳಿಗಳ ಕಾಯ್ದೆ. ರಾಜ್ಯಗಳು ಒಟ್ಟಿಗೆ ಕೂತು ಯೋಜನೆ ಮಾಡಲೆಂದೇ ಬಂದ ಕಾನೂನು ಅದು, ಅದರಡಿ ಇವತ್ತಿನವರೆಗೆ ಒಂದೇ ಒಂದು ಮಂಡಳಿ ಹುಟ್ಟಿಲ್ಲ. ಇನ್ನೊಂದು ಅಂತರರಾಜ್ಯ ಜಲವಿವಾದಗಳ ಕಾಯ್ದೆ, ಜಗಳ ಬಂದಾಗ ನ್ಯಾಯಮಂಡಳಿ ರಚಿಸುವುದಕ್ಕೆ. ಇದನ್ನು ಮಾತ್ರ ಎಲ್ಲರೂ ಬಳಸಿದರು. ಕೂಡಿ ಬಾಳುವ ಕಾನೂನು ಕಪಾಟಿನಲ್ಲಿ ಕೂತಿತು, ವ್ಯಾಜ್ಯದ ಕಾನೂನು ಚಾಲ್ತಿಗೆ ಬಂತು. ನಮ್ಮ ನೀರಿನ ರಾಜಕಾರಣದ ಬಹುಪಾಲು ತೊಂದರೆ ಇಲ್ಲಿಂದಲೇ ಶುರು.

'ನಮ್ಮಲ್ಲಿ ಹುಟ್ಟಿದ ನೀರು ನಮ್ಮದು' ಎಂಬ ಮಾತನ್ನು ಮಲೆನಾಡಿನ ಸಭೆಗಳಲ್ಲಿ ಆಗಾಗ ಕೇಳುತ್ತೇವೆ. ಕಾನೂನಿನಲ್ಲಿ ಅದಕ್ಕೆ ನೆಲೆಯಿಲ್ಲ. ಅಂತರರಾಜ್ಯ ನದಿಯ ಕಾಮಗಾರಿ ತನ್ನ ಗಡಿಯೊಳಗಿದೆ ಎಂಬ ಕಾರಣಕ್ಕೇ ಒಂದು ರಾಜ್ಯ ಇನ್ನೊಂದರ ಮೇಲೆ ನೀರಿಗೆ ಹೆಚ್ಚುವರಿ ಕರ ಹಾಕುವಂತಿಲ್ಲ ಎಂದು ಜಲವಿವಾದಗಳ ಕಾಯ್ದೆಯ 7ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಹಂಚಿಕೆಯಲ್ಲಿ ತೂಕ ಪಡೆದದ್ದು ಹುಟ್ಟಿದ ಜಾಗಕ್ಕಿಂತ ಮೊದಲು ಬಳಸಿದ್ದು. 1960ರ ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತಿದ್ದ ಅಥವಾ ಕೈಗೆತ್ತಿಕೊಂಡಿದ್ದ ಕೆಲಸಗಳಿಗೆ ಬಚಾವತ್ ರಕ್ಷಣೆ ಕೊಟ್ಟಿತು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಆ ಸಾಲಿಗೆ ಸೇರಿದ್ದರಿಂದ 61.7 ಟಿಎಂಸಿ ಬಳಕೆ ಭದ್ರವಾಯಿತು. ಈ ತತ್ವದ ಅಡ್ಡಪರಿಣಾಮವೂ ಕಣ್ಣೆದುರಿಗಿದೆ: ನೀರು ಸಿಗುತ್ತದೋ ಇಲ್ಲವೋ, ಮೊದಲು ಕಟ್ಟಿಬಿಡೋಣ ಎಂಬ ಅವಸರ ಎಲ್ಲ ರಾಜ್ಯಗಳಿಗೂ ಅಂಟಿಕೊಂಡಿತು.

ರಾಜ್ಯಗಳು ಕೂತು ಹಂಚಿಕೊಳ್ಳುವ ವ್ಯವಸ್ಥೆ ಇದೆಯೇ ಅಂದರೆ, ಇದೆ. ನಿಮ್ಮ ಹೊಳೆಯ ಮೇಲೆಯೇ ಇದೆ, ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಹೊಸಪೇಟೆಯ ತುಂಗಭದ್ರಾ ಅಣೆಕಟ್ಟನ್ನು 1945ರಲ್ಲಿ ಶುರು ಮಾಡಿದವರು ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು. ಕಟ್ಟಿ ಮುಗಿಯುವ ಹೊತ್ತಿಗೆ, 1953ರ ಅಕ್ಟೋಬರ್‌ನಲ್ಲಿ, ಆಂಧ್ರ ರಾಜ್ಯ ಹುಟ್ಟಿತು, ಬಳ್ಳಾರಿ ಮೈಸೂರಿಗೆ ಬಂತು. ಗೋಡೆ ಒಂದು ಕಡೆ, ಬಲದಂಡೆ ಕಾಲುವೆಗಳ ಅಚ್ಚುಕಟ್ಟು ಎರಡೂ ರಾಜ್ಯಗಳಲ್ಲಿ. ಹೀಗಾಗಿ ಆಂಧ್ರ ರಾಜ್ಯ ಕಾಯ್ದೆಯ 66ನೇ ಕಲಮಿನಡಿ ತುಂಗಭದ್ರಾ ಮಂಡಳಿ ರಚನೆಯಾಯಿತು. ಕೇಂದ್ರ ನೇಮಿಸಿದ ಅಧ್ಯಕ್ಷರು, ಕೇಂದ್ರದಿಂದ ಒಬ್ಬರು, ಈಗ ಕರ್ನಾಟಕ, ಆಂಧ್ರ, ತೆಲಂಗಾಣದಿಂದ ಒಬ್ಬೊಬ್ಬರು ಸದಸ್ಯರು. ಅಣೆಕಟ್ಟು ಮತ್ತು ಬಲದಂಡೆಯ ಸಾಮಾನ್ಯ ಕಾಲುವೆಗಳು ಮಂಡಳಿಯ ಕೈಯಲ್ಲಿ, ಎಡದಂಡೆ ಕಾಲುವೆ ಕರ್ನಾಟಕದ ಕೈಯಲ್ಲಿ. ಖರ್ಚನ್ನು ರಾಜ್ಯಗಳೇ ಹಂಚಿಕೊಳ್ಳುತ್ತವೆ.

ಕೆಲಸ ನಡೆಯುವುದು ಹೀಗೆ. ಜಲವರ್ಷ ಜೂನ್ 1ರಿಂದ ಮೇ 31ರವರೆಗೆ. ಮಳೆಗಾಲದ ಆರಂಭದಲ್ಲಿ ಆ ವರ್ಷ ಎಷ್ಟು ನೀರು ಬರಬಹುದೆಂದು ಅಂದಾಜು ಮಾಡಿ, ಯಾವ ಕಾಲುವೆಗೆ ಯಾವ ತಿಂಗಳು ಎಷ್ಟು ಎಂಬ ಪಟ್ಟಿ ತಯಾರಿಸುತ್ತಾರೆ. ಒಳಹರಿವು ನೋಡಿಕೊಂಡು ಪಟ್ಟಿಯನ್ನು ತಿದ್ದುತ್ತಾ ಹೋಗುತ್ತಾರೆ. ಜಲಾಶಯದ ವರ್ಷದ ಬಳಕೆಯ ಲೆಕ್ಕ 230 ಟಿಎಂಸಿ. ಅದರಲ್ಲಿ 18 ಆವಿ ನಷ್ಟ, ಉಳಿದ 212ರಲ್ಲಿ ಕರ್ನಾಟಕಕ್ಕೆ 138.99, ಆಂಧ್ರದ ಪಾಲಿಗೆ 73.01. ನೀರು ಕಡಿಮೆ ಬಂದ ವರ್ಷ ಇದೇ ಪ್ರಮಾಣದಲ್ಲಿ ಇಬ್ಬರಿಗೂ ಕಡಿತ. ಕೊರತೆಯ ವರ್ಷದ ಸೂತ್ರ ಮೊದಲೇ ಬರೆದಿಟ್ಟಿರುವುದೇ ಇದರ ಗಟ್ಟಿತನ. ಕಾವೇರಿಯಲ್ಲಿ ದಶಕಗಳ ಕಾಲ ಬೀದಿಗೆ ಬಂದ ಜಗಳ ಇದೇ ಸಂಕಷ್ಟ ಸೂತ್ರದ್ದು. ಅಲ್ಲಿ ಪ್ರಾಧಿಕಾರ ಬಂದದ್ದು ಸುಪ್ರೀಂ ಕೋರ್ಟಿನ ತೀರ್ಪಿನ ನಂತರ, 2018ರಲ್ಲಿ.

ಸಹಕಾರಕ್ಕೆ ಮಾತುಕತೆಯ ಸದ್ಭಾವನೆ ಬೇಕು ಎಂದು ಭಾಷಣಗಳಲ್ಲಿ ಹೇಳುತ್ತಾರೆ. ಬೇಕಾದದ್ದು ಬೇರೆ: ಎಲ್ಲರೂ ನಂಬುವ ಒಂದು ಗೇಜು, ಎಲ್ಲರೂ ದುಡ್ಡು ಹಾಕಿದ ಒಂದು ಕಚೇರಿ, ದಿನಾ ಬರೆಯುವ ಒಂದು ಪುಸ್ತಕ. ನಿಮ್ಮ ಸೀಮೆಯಲ್ಲೇ ಕೇಂದ್ರ ಜಲ ಆಯೋಗ ಶಿವಮೊಗ್ಗದಲ್ಲಿ ತುಂಗೆಯನ್ನೂ ಹೊಳೆಹೊನ್ನೂರಿನಲ್ಲಿ ಭದ್ರೆಯನ್ನೂ ಹೊನ್ನಾಳಿಯಲ್ಲಿ ತುಂಗಭದ್ರೆಯನ್ನೂ ಅಳೆಯುತ್ತದೆ. ಅಳೆಯುವವರು ಯಾವ ಫಲಾನುಭವಿ ರಾಜ್ಯಕ್ಕೂ ಸೇರಿದವರಲ್ಲ ಎಂಬುದರಿಂದಲೇ ಆ ಅಂಕಿಗೆ ಬೆಲೆ.

ಇದೇ ಮಂಡಳಿ ಎಡವುವುದು ದೈನಂದಿನ ಕೆಲಸ ಬಿಟ್ಟು ಹೊಸದೊಂದನ್ನು ಮಾಡಬೇಕಾದಾಗ. ಶುರುವಿನಲ್ಲಿ ಸುಮಾರು 132 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105.788ಕ್ಕೆ ಇಳಿದಿದೆ. ಕಳೆದುಹೋದ ಸಂಗ್ರಹಕ್ಕೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟಬೇಕೆಂಬುದು ಕರ್ನಾಟಕದ ಬೇಡಿಕೆ. ತನ್ನ ಪಾಲಿನ ನೀರನ್ನೇ ಹಿಡಿದಿಡುವುದಕ್ಕೂ ಉಳಿದ ರಾಜ್ಯಗಳ ಒಪ್ಪಿಗೆ ಬೇಕು, ಅಲ್ಲೇ ಸಿಕ್ಕಿಕೊಂಡಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯದಿಂದ ನೀರು ಹೊರಬಿಟ್ಟು, ಒಂದು ವಾರದೊಳಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಬದಲು ನೀರು ತಡೆಯುವ ತಾತ್ಕಾಲಿಕ ತಡೆ) ಇಳಿಸಿದ್ದು ಎಂಜಿನಿಯರುಗಳ ಸಾಹಸ. ಆಮೇಲೆ ಪರಿಣತರು 33 ಗೇಟುಗಳನ್ನೂ ಬದಲಿಸಬೇಕೆಂದರು. 2025ರಲ್ಲಿ ಜಲಾಶಯದಲ್ಲಿ 80 ಟಿಎಂಸಿಯಷ್ಟೇ ನಿಲ್ಲಿಸಬೇಕಾಯಿತು. ಎಲ್ಲರದ್ದೂ ಆದ ಗೇಟಿಗೆ ಗ್ರೀಸ್ ಹಚ್ಚಿಸುವುದು ಯಾರ ಜವಾಬ್ದಾರಿ ಎಂಬ ಪ್ರಶ್ನೆ ಗೇಟು ಹೋದ ಮೇಲೆಯೇ ಎದ್ದಿತು. ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರಲ್ಲೇ ಬಂದಿದೆ. ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತಪಾಸಣೆ ಕಡ್ಡಾಯ ಎಂದು ಅದು ಹೇಳುತ್ತದೆ. ಕಾನೂನು ಇದ್ದ ಮಾತ್ರಕ್ಕೆ ಸರಪಳಿ ಗಟ್ಟಿಯಾಗುವುದಿಲ್ಲ.

ಎರಡನೇ ಕೃಷ್ಣಾ ನ್ಯಾಯಮಂಡಳಿಯ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಬ್ರಿಜೇಶ್ ಕುಮಾರ್ ಅಧ್ಯಕ್ಷತೆಯಲ್ಲಿ 2004ರಲ್ಲಿ ರಚನೆಯಾಯಿತು. 2010ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು, 2013ರಲ್ಲಿ ತಿದ್ದಿತು. 2011ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗೆಜೆಟ್ ಪ್ರಕಟಣೆಗೆ ತಡೆ ಕೊಟ್ಟದ್ದರಿಂದ ಅದು ಜಾರಿಗೆ ಬಂದಿಲ್ಲ. ಗೆಜೆಟ್ ಆಗದ ತೀರ್ಪಿಗೆ ಬಲವಿಲ್ಲ, ಆದ್ದರಿಂದ ಇಂದಿಗೂ ನಡೆಯುತ್ತಿರುವುದು 1976ರ ಲೆಕ್ಕವೇ. ಇದಕ್ಕೆ ಪ್ರತಿಯಾಗಿ ನ್ಯಾಯಮಂಡಳಿಯಿಲ್ಲದೆ ಆದ ಒಪ್ಪಂದವೂ ಉಂಟು. ಮದ್ರಾಸ್ ನಗರದ ಕುಡಿಯುವ ನೀರಿಗೆ ಮಹಾರಾಷ್ಟ್ರ, ಕರ್ನಾಟಕ, ಆಂಧ್ರ ತಮ್ಮ ಕೃಷ್ಣಾ ಪಾಲಿನಿಂದ ತಲಾ 5 ಟಿಎಂಸಿ ಬಿಟ್ಟುಕೊಡಲು 1976ರಲ್ಲಿ ಒಪ್ಪಿದವು. ಪ್ರಮಾಣ ಚಿಕ್ಕದು, ಉದ್ದೇಶ ಸ್ಪಷ್ಟ, ಹೊರೆ ಸಮ. ಅಂಥ ಕಡೆ ಮಾತುಕತೆ ಫಲಿಸುತ್ತದೆ.

ಈಗ ರಾಜ್ಯದೊಳಗಿನ ಮಾತು. ನಿಮ್ಮ ಯೋಜನೆಗೆ ನಿಜವಾದ ಪೈಪೋಟಿ ಕರ್ನೂಲಿನಿಂದ ಬರುವುದಿಲ್ಲ, ದಾವಣಗೆರೆ, ಹಾವೇರಿ, ಚಿತ್ರದುರ್ಗದಿಂದ ಬರುತ್ತದೆ. ಗಾಜನೂರಿನ ತುಂಗಾ ಮೇಲ್ದಂಡೆಯ ಕಾಲುವೆ ಹಾವೇರಿಯವರೆಗೆ ಹೋಗುತ್ತದೆ. ಭದ್ರಾ ಮೇಲ್ದಂಡೆ ಯೋಜನೆ ತುಂಗೆಯಿಂದ 17.4 ಟಿಎಂಸಿ ಎತ್ತಿ ಭದ್ರಾ ಜಲಾಶಯಕ್ಕೆ ಹಾಕಿ, ಅಲ್ಲಿಂದ 29.9 ಟಿಎಂಸಿಯನ್ನು ಅಜ್ಜಂಪುರದ ಸುರಂಗದ ಮೂಲಕ ಬಯಲುಸೀಮೆಗೆ ಒಯ್ಯುತ್ತದೆ. ಗುರಿ 2,25,515 ಹೆಕ್ಟೇರ್ ನೀರಾವರಿ ಮತ್ತು 367 ಕೆರೆ ತುಂಬಿಸುವುದು. ಇದಕ್ಕೆ ಕೇಂದ್ರದ 2023-24ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಘೋಷಣೆಗೂ ಬಿಡುಗಡೆಗೂ ನಡುವಿನ ಅಂತರದ ಬಗ್ಗೆ ರಾಜ್ಯದ ದೂರು ಈಗಲೂ ಮುಂದುವರಿದಿದೆ. ಹಣ ಹಂಚಿಕೆಯ ಒಕ್ಕೂಟ ನೀರು ಹಂಚಿಕೆಯ ಒಕ್ಕೂಟಕ್ಕಿಂತ ಸಲೀಸು ಎಂದು ಯಾರೂ ತಿಳಿಯಬೇಕಿಲ್ಲ.

'ಮಳೆಗಾಲದಲ್ಲಿ ಅಷ್ಟು ನೀರು ಸುಮ್ಮನೆ ಹೋಗುತ್ತದಲ್ಲ' ಎಂದು ನೀವು ಕೇಳಬಹುದು. ಗಾಜನೂರು ಅಣೆಕಟ್ಟು ಹಿಡಿಯುವುದು 3.24 ಟಿಎಂಸಿ. ಆಗುಂಬೆ, ಶೃಂಗೇರಿ ಕಡೆ ಜೋರು ಮಳೆಯಾಗಿ 50,000 ಕ್ಯೂಸೆಕ್ ಬಂದರೆ ದಿನಕ್ಕೆ 4.3 ಟಿಎಂಸಿ. ಖಾಲಿ ಇದ್ದರೂ ಒಂದು ದಿನದೊಳಗೆ ತುಂಬಿ ಗೇಟು ತೆರೆಯಬೇಕು, ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಬೇಕು. ಹರಿದುಹೋಗುವ ನೀರು ವ್ಯರ್ಥವೂ ಅಲ್ಲ, ಹೊಸಪೇಟೆಯ ಜಲಾಶಯ ತುಂಬುವುದೇ ಅದರಿಂದ. ನಿಮ್ಮ ಕೊರತೆ ಇರುವುದು ವರ್ಷದ ಒಟ್ಟು ನೀರಿನಲ್ಲಲ್ಲ, ಫೆಬ್ರವರಿಯಿಂದ ಮೇವರೆಗಿನ ಹರಿವಿನಲ್ಲಿ.

ನದಿಯೇ ಪೂರ್ತಿ ರಾಜ್ಯದೊಳಗಿದ್ದರೆ ತಾಪತ್ರಯ ಇಲ್ಲ ಎಂದೂ ಭಾವಿಸಬೇಡಿ. ಸಾಗರ ತಾಲ್ಲೂಕನ್ನೇ ನೋಡಿ: ಅಲ್ಲಿ ಹುಟ್ಟುವ ವರದಾ ಪೂರ್ವಕ್ಕೆ ಹರಿದು ತುಂಗಭದ್ರೆ ಸೇರುವುದರಿಂದ ನ್ಯಾಯಮಂಡಳಿಯ ಲೆಕ್ಕಕ್ಕೆ ಒಳಪಡುತ್ತದೆ. ಅದೇ ತಾಲ್ಲೂಕಿನಲ್ಲಿ ಹಾಯುವ ಶರಾವತಿ, ಅಂಬುತೀರ್ಥದಿಂದ ಹೊನ್ನಾವರದವರೆಗೂ ಕರ್ನಾಟಕದೊಳಗೇ ಇದ್ದು, ಯಾವ ರಾಜ್ಯಕ್ಕೂ ಉತ್ತರ ಹೇಳಬೇಕಾಗಿಲ್ಲ. ಆದರೂ ಶರಾವತಿ ಕಣಿವೆಯಲ್ಲಿ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿಟ್ಟು ಮತ್ತೆ ಇಳಿಸಿ ವಿದ್ಯುತ್ ಮಾಡುವ) ಯೋಜನೆಯ ಕಡತ ದೆಹಲಿಗೆ ಹೋಗಲೇಬೇಕು, ಏಕೆಂದರೆ ಅರಣ್ಯ 1976ರ 42ನೇ ತಿದ್ದುಪಡಿಯಿಂದ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಬಂತು, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಕಾಡಿನ ಜಾಗಕ್ಕೆ ಕೇಂದ್ರದ ಒಪ್ಪಿಗೆ ಕಡ್ಡಾಯ ಮಾಡಿತು. ಮಲೆನಾಡಿನಲ್ಲಿ 'ಕೇಂದ್ರದ ಅನುಮತಿ' ಅಂದಾಗ ಬಹುತೇಕ ಅದು ನೀರಿನದ್ದಲ್ಲ, ಕಾಡಿನದ್ದು. ನಿಮಗೆ ಉತ್ತರ ಕೊಟ್ಟವರನ್ನು ಮೊದಲು ಇದನ್ನೇ ಕೇಳಿ: ಯಾವ ಅನುಮತಿ, ಯಾವ ಕಲಮಿನಡಿ? ಬರವಣಿಗೆಯಲ್ಲಿ ಕೊಡಿ ಅನ್ನಿ.

ಕುಡಿಯುವ ನೀರಿನ ಕೆಲಸವನ್ನೂ ಏತದ ಕೆಲಸವನ್ನೂ ಒಂದೇ ಅರ್ಜಿಯಲ್ಲಿ ಕಟ್ಟಬೇಡಿ. ಇಲಾಖೆ ಬೇರೆ, ಹಣದ ಮೂಲ ಬೇರೆ, ಒಂದು ನಿಂತರೆ ಇನ್ನೊಂದೂ ನಿಲ್ಲುತ್ತದೆ. ಕುಡಿಯುವ ನೀರಿಗೆ ಗ್ರಾಮಸಭೆಯ ಠರಾವು ಮಾಡಿ, ಪಂಚಾಯಿತಿಯ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಿಂದ ಕ್ರಿಯಾಯೋಜನೆಗೆ ಸೇರಿಸಿ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ವಿಭಾಗಕ್ಕೆ ಕೊಡಿ. ಜಲ ಜೀವನ್ ಮಿಷನ್ನಿನಲ್ಲಿ ಕರ್ನಾಟಕಕ್ಕೆ ಕೇಂದ್ರ, ರಾಜ್ಯದ ಪಾಲು ಅರ್ಧರ್ಧ. ಊರಿನ ವಂತಿಗೆ ಸಾಮಾನ್ಯವಾಗಿ ಒಳಗಿನ ಕಾಮಗಾರಿಯ ಶೇಕಡ 10, ಗುಡ್ಡಗಾಡು ಮತ್ತು ಅರಣ್ಯ ಪ್ರದೇಶಕ್ಕೆ ಶೇಕಡ 5. ನೀವು ಎರಡನೆಯದಕ್ಕೆ ಸಲ್ಲುವಿರಾ ಎಂದು ಅಂದಾಜುಪಟ್ಟಿ ಮಾಡುವಾಗಲೇ ಕೇಳಿ. ಮಿಷನ್ನನ್ನು 2028ರವರೆಗೆ ವಿಸ್ತರಿಸುವುದಾಗಿ 2025ರ ಕೇಂದ್ರ ಬಜೆಟ್ ಹೇಳಿದೆ.

ಪೈಪು ಕಾಡಿನೊಳಗೆ ಹಾಯುವುದಾದರೆ ಹೆಚ್ಚಿನವರಿಗೆ ಗೊತ್ತಿಲ್ಲದ ದಾರಿಯೊಂದಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2) ಕಲಮಿನಡಿ ಸರ್ಕಾರ ನಡೆಸುವ ಕುಡಿಯುವ ನೀರಿನ ಪೈಪು, ಸಣ್ಣ ನೀರಾವರಿ ಕಾಲುವೆ, ಮಳೆನೀರು ಸಂಗ್ರಹದಂಥ ಕೆಲಸಗಳಿಗೆ ತಲಾ 1 ಹೆಕ್ಟೇರ್‌ಗಿಂತ ಕಡಿಮೆ ಜಾಗವನ್ನು ಗ್ರಾಮಸಭೆಯ ಶಿಫಾರಸಿನ ಮೇಲೆ ಕೊಡಬಹುದು. ಕಡಿಯುವ ಮರ ಹೆಕ್ಟೇರಿಗೆ 75 ಮೀರಬಾರದು. ಕಡತ ದೆಹಲಿಗೆ ಹೋಗುವುದಿಲ್ಲ, ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಮೂಲಕ ಡಿಎಫ್‌ಒ (ವಿಭಾಗದ ಅರಣ್ಯಾಧಿಕಾರಿ) ಹಂತದಲ್ಲೇ ತೀರ್ಮಾನವಾಗುತ್ತದೆ. ಇದು ಬಿದ್ದುಹೋಗುವುದು ಬಹುತೇಕ ಎರಡು ಕಾರಣಕ್ಕೆ: ಗ್ರಾಮಸಭೆಯಲ್ಲಿ ಕೋರಂ ಇಲ್ಲದಿರುವುದು, ನಕ್ಷೆಯಲ್ಲಿ ಸರ್ವೆ ನಂಬರ್ ತಪ್ಪಾಗಿರುವುದು.

ಏತಕ್ಕೆ ಸಣ್ಣ ನೀರಾವರಿ ಇಲಾಖೆಗೆ ಅರ್ಜಿ. ನದಿಯಿಂದ ನೀರೆತ್ತಲು 1965ರ ಕರ್ನಾಟಕ ನೀರಾವರಿ ಕಾಯ್ದೆಯಡಿಯ ಪರವಾನಗಿಯ ಬಗ್ಗೆಯೂ ವಿಚಾರಿಸಿಕೊಳ್ಳಿ. ಇಲ್ಲಿ ಒಂದು ಎಚ್ಚರ. ದಿನಕ್ಕೆ 21.6 ಲಕ್ಷ ಲೀಟರ್ ಅಂದರೆ 24 ಗಂಟೆಯ ಲೆಕ್ಕದಲ್ಲಿ ಒಂದು ಕ್ಯೂಸೆಕ್ಕಿಗೂ ಕಡಿಮೆ. ಆದರೆ ಮೂರು ಫೇಸ್ ಕರೆಂಟು ಸಿಗುವುದು 7 ಗಂಟೆ, ಆ ಅವಧಿಯಲ್ಲೇ ಎತ್ತಬೇಕೆಂದರೆ 3 ಕ್ಯೂಸೆಕ್ ಬೇಕು. 40 ಮೀಟರ್ ಎತ್ತರಕ್ಕೆ ಅಷ್ಟನ್ನು ತಳ್ಳಲು 70ರಿಂದ 75 ಎಚ್‌ಪಿ ಪಂಪು. ಉಚಿತ ವಿದ್ಯುತ್ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಮಾತ್ರ. ಏತ ನೀರಾವರಿಗಳು ಸಾಯುವುದು ನೀರಿಲ್ಲದೆ ಅಲ್ಲ, ಮೆಸ್ಕಾಂ ಬಿಲ್ ಕಟ್ಟುವವರಿಲ್ಲದೆ. ಎಕರೆಗೆ ಎಷ್ಟು ವಂತಿಗೆ, ಯಾರು ವಸೂಲಿ ಮಾಡುವುದು ಎಂದು ಪೈಪು ಬರುವ ಮುಂಚೆ ಬರೆದಿಟ್ಟುಕೊಳ್ಳಿ.

ಜಾಕ್‌ವೆಲ್ (ಹೊಳೆಯಿಂದ ನೀರೆತ್ತುವ ಬಾವಿ) ಜಾಗವನ್ನು ಡಿಸೆಂಬರ್‌ನಲ್ಲಿ ಗುರುತಿಸಲು ಬಿಡಬೇಡಿ. ಆಗ ಎಲ್ಲೆಲ್ಲೂ ನೀರಿರುತ್ತದೆ, ಏಪ್ರಿಲ್‌ನಲ್ಲಿ ಅದೇ ಜಾಗ ಮರಳದಿಬ್ಬ. ಏಪ್ರಿಲ್ ಕೊನೆಯ ಮಟ್ಟವನ್ನು ಎಂಜಿನಿಯರಿಗೆ ತೋರಿಸಿ. ಹಾಗೆಂದು ಚಿಬ್ಬಲಗುಡ್ಡೆಯಂಥ ಮತ್ಸ್ಯಧಾಮದ ಮಡುವನ್ನು ತೋರಿಸಬೇಡಿ, ಆಕ್ಷೇಪಣೆ ಬಂದೇ ಬರುತ್ತದೆ, ಬರಬೇಕಾದದ್ದೂ ನ್ಯಾಯವೇ. ನನ್ನ ಅಭಿಪ್ರಾಯದಲ್ಲಿ 200 ಎಕರೆಗೂ ಹೊಳೆಯನ್ನೇ ನೆಚ್ಚಬಾರದು. 32.4 ಕೋಟಿ ಲೀಟರನ್ನು 4 ಮೀಟರ್ ಆಳದ ಕೆರೆಗಳಲ್ಲಿ ಹಿಡಿದಿಡಲು ಒಟ್ಟು 20 ಎಕರೆ ಜಾಗ ಸಾಕು, ಆವಿ ಮತ್ತು ಇಂಗುವಿಕೆಗೆ ಇನ್ನಷ್ಟು ಸೇರಿಸಿಕೊಳ್ಳಿ. ಊರಿನ ಹಳೆಯ ಕೆರೆಗಳ ಹೂಳೆತ್ತಿ ಅರ್ಧದಷ್ಟು ಅಲ್ಲಿ ತುಂಬಿಸಿಕೊಂಡರೆ ಏತದ ಗಾತ್ರ ಅರ್ಧವಾಗುತ್ತದೆ. ಜೂನ್‌ನಿಂದ ನವೆಂಬರ್‌ವರೆಗೆ ಎತ್ತಿ ಕೆರೆಗೆ ಹಾಕುವ ಯೋಜನೆಗೆ ಕೆಳಗಿನವರ ತಕರಾರೂ ಕಡಿಮೆ.

ಅರ್ಜಿಯ ಜೊತೆ ಮಾಹಿತಿ ಹಕ್ಕಿನಲ್ಲಿ ಎರಡು ಕಾಗದ ಕೇಳಿ: ನಿಮ್ಮ ತಾಲ್ಲೂಕಿನ ಸಣ್ಣ ನೀರಾವರಿ ಕಾಮಗಾರಿಗಳಿಗೆ ಕೃಷ್ಣಾ ಪಾಲಿನಲ್ಲಿ ತೋರಿಸಿರುವ ಬಳಕೆ, ಹಾಗೂ ಕಳೆದ ಐದು ಜಲವರ್ಷಗಳಲ್ಲಿ ಅಲ್ಲಿ ವಾಸ್ತವವಾಗಿ ಬಳಸಿದ ಪ್ರಮಾಣ. ಮೊದಲನೆಯದಕ್ಕಿಂತ ಎರಡನೆಯದು ಕಡಿಮೆ ಇದ್ದರೆ, 'ನ್ಯಾಯಮಂಡಳಿ ಇದೆ' ಎಂಬ ಉತ್ತರವನ್ನು ಮತ್ತೆ ಕೊಡುವುದು ಇಲಾಖೆಗೆ ಕಷ್ಟವಾಗುತ್ತದೆ. ಕಡಿಮೆ ಇಲ್ಲದಿದ್ದರೆ ಶಾಸಕರ ಮೂಲಕ ಹಂಚಿಕೆ ಪರಿಷ್ಕರಣೆಯನ್ನೇ ಕೇಳಬೇಕು, ಅದಕ್ಕೆ ಎರಡು ಮೂರು ವರ್ಷದ ತಾಳ್ಮೆ ಬೇಕಾದೀತು. ಅಷ್ಟರಲ್ಲಿ ಕುಡಿಯುವ ನೀರಿನ ಕಡತವನ್ನು ಬೇರೆಯಾಗಿ ಮುಂದಕ್ಕೆ ತಳ್ಳಿ.